ಹೆದ್ದಾರಿ ಬಳಸಿಹೋದ ಹಾದಿಗಳು

ಇಳಕಲ್ಲಿಗೂ ಬಾದಾಮಿಗೂ ನಡುವೆ ನಮ್ಮ ಗುಡೂರು. ಮೂಡಲಿಗೆ ಹೋದರೆ ಎರೆಹೊಲ, ಇಳಕಲ್ಲಿನ ಕೆಂಪು ಗ್ರಾನೈಟ್, ಅದರಾಚೆ ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ. ಪಡುವಲಿಗೆ ಹೋದರೆ ಮಲಪ್ರಭೆ ಹೊಳೆ, ಮರಳುಗಲ್ಲಿನ ಗುಡ್ಡಸಾಲು, ಆ ಗುಡ್ಡಗಳ ಬುಡಕ್ಕೆ ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬಾದಾಮಿ. ಈಚೆಗೆ ಚಳಿಗಾಲ ಬಂತೆಂದರೆ ಪಡುವಲ ದಾರಿಯಲ್ಲಿ ತೆಳು ಗಾಲಿಯ ಸೈಕಲ್ಲಿನವರು ಕಾಣುತ್ತಾರೆ. ಬೆಂಗಳೂರಿನವರು, ಹುಬ್ಬಳ್ಳಿಯವರು, ಒಮ್ಮೊಮ್ಮೆ ಹೊರದೇಶದವರು. ಚಹಾದಂಗಡಿ ಮುಂದೆ ಸೈಕಲ್ ಒರಗಿಸಿ ಅವರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಇಷ್ಟು ಚಲೋ ದಾರಿ, ಗಾಡಿಗಳೇ ಇಲ್ಲವಲ್ರೀ, ಯಾಕೆ?" ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಈ ಪ್ರಶ್ನೆ ಬಹಳ ದೊಡ್ಡದಾಗಿ ಕಾಣುತ್ತದೆ. ದಾರಿಯೊಂದು ಸದ್ದಿಲ್ಲದೆ ಉಳಿಯುವುದಕ್ಕೂ ಕಾರಣಗಳಿರುತ್ತವೆ. ನಮ್ಮ ದಾರಿಗಳ ಮಟ್ಟಿಗೆ ಆ ಕಾರಣಗಳನ್ನು ಇಸವಿ ಸಮೇತ ಹೇಳಬಹುದು.

ಮೊದಲ ಕಾರಣ ರೈಲು. 1884ರಲ್ಲಿ ಹೋಟಗಿಯಿಂದ ಗದಗಿಗೆ ಮೀಟರ್‌ಗೇಜ್ ಹಳಿ ಬಂತು. ಆ ಹಳಿ ಬಿಜಾಪುರ, ಬಾಗಲಕೋಟೆ, ಬಾದಾಮಿ ಹಿಡಿದು ಹೋಯಿತು. ಬಾದಾಮಿಯಲ್ಲೂ ಊರೊಳಗೆ ಬರದೆ ಐದು ಕಿಲೋಮೀಟರ್ ದೂರದ ಬಯಲಿನಲ್ಲಿ ನಿಂತಿತು. ರೈಲು ಯಾವ ಊರನ್ನು ಮುಟ್ಟಿತೋ ಆ ಊರಿಗೆ ವ್ಯಾಪಾರ ಬಂತು, ಕಚೇರಿ ಬಂತು. ಆಗ ನಮ್ಮ ಸೀಮೆಯ ಜಿಲ್ಲಾ ಠಾಣೆ ಕಲಾದಗಿ. ಅದು ಹಳಿಯಿಂದ ದೂರ ಉಳಿಯಿತು, ಮಾರನೆಯ ವರ್ಷವೇ, 1885ರಲ್ಲಿ, ಜಿಲ್ಲೆಯ ಕಚೇರಿ ಬಿಜಾಪುರಕ್ಕೆ ಎದ್ದುಹೋಯಿತು. ಎರಡನೆಯದು ಮೂಡಲ ಕಡೆಯ ದೊಡ್ಡ ರಸ್ತೆ. ಸೊಲ್ಲಾಪುರದಿಂದ ಹೊಸಪೇಟೆ, ಚಿತ್ರದುರ್ಗಕ್ಕೆ ಹೋಗುವ ಈ ರಸ್ತೆ ಹುನಗುಂದ, ಇಳಕಲ್ಲು, ಕುಷ್ಟಗಿ ಮೇಲೆ ಹಾದಿದೆ. ಹಿಂದೆ ಅದರ ನಂಬರು 13, ನಮ್ಮ ಕಡೆ ಈಗ 50. ಲಾರಿಗಳೆಲ್ಲ ಅದರ ಮೇಲೆ. ಮೂರನೆಯದು ಬಡಗಲಿಗೆ: ರಾಯಚೂರಿನಿಂದ ಬೆಳಗಾವಿ ಕಡೆಗೆ ಹೋಗುವ ರಸ್ತೆ ಹುನಗುಂದ, ಅಮೀನಗಡ, ಕಮತಗಿ, ಬಾಗಲಕೋಟೆ ಹಿಡಿಯಿತು. ಹೀಗೆ ಪಡುವಲಿಗೆ ಹಳಿ, ಮೂಡಲಿಗೂ ಬಡಗಲಿಗೂ ದೊಡ್ಡ ರಸ್ತೆ. ನಡುವೆ ಗುಡ್ಡ, ಹೊಳೆ, ಹಳೆಯ ಗುಡಿಗಳು ಮತ್ತು ನಾವು. ಅವಸರ ಇದ್ದವರು ಯಾರೂ ನಮ್ಮ ಮೇಲೆ ಹಾದುಹೋಗಬೇಕಾದ ಪ್ರಮೇಯವೇ ಬರಲಿಲ್ಲ.

ಆದರೆ ಈ ಹಾದಿಗಳು ಯಾವಾಗಲೂ ಹೀಗೆ ಇರಲಿಲ್ಲ. ಸಾವಿರದ ಮುನ್ನೂರು ವರ್ಷದ ಹಿಂದೆ ಇವು ಬಹಳ ಓಡಾಟವಿದ್ದ ಹಾದಿಗಳಾಗಿದ್ದವು. ಬಾದಾಮಿಯ ಬಂಡೆಯ ಮೇಲೆ ಚಾಲುಕ್ಯರ ಮೊದಲನೆಯ ಪುಲಕೇಶಿ ಕೋಟೆ ಕಟ್ಟಿಸಿದ ಶಾಸನದ ಕಾಲ ಕ್ರಿ.ಶ. 543. ಮೂರನೆಯ ಗುಹೆಯ ಮಂಗಳೇಶನ ಶಾಸನ 578. ಐಹೊಳೆಯ ಮೇಗುತಿ ಗುಡಿಯ ರವಿಕೀರ್ತಿಯ ಶಾಸನ 634. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಗುಡಿಗಳನ್ನು ನೋಡಿದವರು ಶಿಲ್ಪಿಗಳನ್ನು ನೆನೆಯುತ್ತಾರೆ, ಅದು ನ್ಯಾಯವೇ. ನನಗೆ ಮಾತ್ರ ಕಲ್ಲು ಹೇರಿದವರೂ ನೆನಪಾಗುತ್ತಾರೆ. ಪಟ್ಟದಕಲ್ಲಿನ ಗುಡಿಗಳಿಗೆ ಬಂದ ಕಲ್ಲು ಊರಿನ ಬಡಗಲಿನ ಗುಡ್ಡದ ಗಣಿಗಳದ್ದು. ಅಲ್ಲಿ ಬಂಡೆಗಳ ಮೈಮೇಲೆ ಕಲ್ಲು ಒಡೆದವರ ಹೆಸರುಗಳಿವೆ, ಬಿಡುವಿನಲ್ಲಿ ಗೀರಿದ ದೇವರ ಚಿತ್ರಗಳಿವೆ, ಗುಡಿಯ ನಕಾಶೆಗಳಿವೆ. ಬಂಡೆ ಸೀಳಲು ಸಾಲಾಗಿ ಕೊರೆದ ಬೆಣೆಯ ಕುಳಿಗಳು ಇವತ್ತಿಗೂ ಬೆರಳಿಗೆ ಸಿಗುತ್ತವೆ. ಅಲ್ಲಿಂದ ಹೊಳೆಯ ದಂಡೆಗೆ ಅಷ್ಟು ದೊಡ್ಡ ಕಲ್ಲುಗಳನ್ನು ಎಳೆದ ಹಾದಿ ಇತ್ತು. ಐಹೊಳೆಯ ಐನೂರ್ವರು ಎಂಬ ವರ್ತಕರ ಸಂಘ ಕತ್ತೆ, ಕೋಣ, ಬಂಡಿಗಳ ಮೇಲೆ ಸರಕು ಹೇರಿಕೊಂಡು ತಿರುಗಿದ್ದೂ ಇದೇ ಸೀಮೆಯಿಂದ ಬೆಳೆದ ಹೆಸರಿನಲ್ಲಿ. ಸುಮಾತ್ರಾ ದ್ವೀಪದಲ್ಲಿ ಆ ಸಂಘದವರ 1088ರ ಶಾಸನ ಸಿಕ್ಕಿದೆ. ಐಹೊಳೆಯ ಹೆಸರು ಸಮುದ್ರ ದಾಟಿ ಅಷ್ಟು ದೂರ ಹೋಗಿದೆ ಎಂದಾಗ ತರಗತಿಯ ಮಕ್ಕಳು ನಂಬುತ್ತಿರಲಿಲ್ಲ, ನಕಾಶೆ ಬಿಚ್ಚಿ ತೋರಿಸಬೇಕಾಗುತ್ತಿತ್ತು.

ರಾಜ್ಯಗಳು ಹೋದವು, ಹಾದಿ ಕಾಲುದಾರಿಯಾಯಿತು, ಬಂಡಿಜಾಡಾಯಿತು. 1874ರಲ್ಲಿ ಪುರಾತತ್ತ್ವಜ್ಞ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ ತನ್ನ ಮೊದಲ ಸರ್ವೇಕ್ಷಣೆ ನಡೆಸಿದಾಗ ಐಹೊಳೆಯ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಅದರೊಳಗೆ ವಾಸವಿದ್ದ ಮನುಷ್ಯನಿಂದ.

ಖಡಿ ಹಾಕಿದ ರಸ್ತೆ ಬಂದದ್ದು ಹೇಗೆ ಎಂಬುದನ್ನು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ. ಈ ಸೀಮೆಯ ರಸ್ತೆಗಳಲ್ಲಿ ಹಲವು ಬರಗಾಲದ ಮಕ್ಕಳು. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಕಲಾದಗಿ ಜಿಲ್ಲೆ ಮುಂಬೈ ಪ್ರಾಂತದಲ್ಲೇ ಅತಿ ಹೆಚ್ಚು ಸುಟ್ಟ ಜಿಲ್ಲೆಗಳಲ್ಲಿ ಒಂದು. ಸರ್ಕಾರ ಅನ್ನವನ್ನು ಸುಮ್ಮನೆ ಕೊಡಲಿಲ್ಲ, ಕೆಲಸಕ್ಕೆ ಕೊಟ್ಟಿತು. ಹಸಿದವರು ಕೆರೆ ತೋಡಿದರು, ಮಣ್ಣು ಹೊತ್ತರು, ಕಲ್ಲು ಒಡೆದು ರಸ್ತೆಗೆ ಹಾಸಿದರು. ಅದೇ ಪದ್ಧತಿ ನಮ್ಮ ಕಾಲದವರೆಗೂ ನಡೆಯಿತು. 1972ರ ಬರ ನಾನು ಕಣ್ಣಾರೆ ಕಂಡದ್ದು. ನಮ್ಮದು ನೇಕಾರರ ಮನೆ, ಮಗ್ಗಗಳು ನಿಂತಿದ್ದವು. ಹೊಲದಲ್ಲಿ ಬೆಳೆ ಇಲ್ಲದಿದ್ದರೆ ಸೀರೆ ಕೊಳ್ಳುವವರೂ ಇರುವುದಿಲ್ಲ. ನಮ್ಮ ಅವ್ವ ಓಣಿಯ ಹೆಂಗಸರ ಜೊತೆ ಖಡಿ ಒಡೆಯಲು ಹೋಗುತ್ತಿದ್ದಳು. ಚೂರು ಕಣ್ಣಿಗೆ ಸಿಡಿಯಬಾರದೆಂದು ಸೆರಗನ್ನು ಮುಖಕ್ಕೆ ಬಿಗಿದುಕೊಂಡು, ಎಡಗೈಯ ಬೆರಳುಗಳಿಗೆ ಹರಕು ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದಳು. ದೊಡ್ಡ ಕಲ್ಲಿನ ಮೇಲೆ ಸಣ್ಣ ಕಲ್ಲು ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಸಂಜೆಗೆ ರಾಶಿ ಅಳೆದು ಕೂಲಿ. ನೇಕಾರರ ಕೈ ಅದು, ನೂಲಿನ ಎಳೆ ಕಡಿದರೆ ಕತ್ತಲಲ್ಲೂ ಗಂಟು ಹಾಕುವ ಕೈ. ಆ ಕೈಯಲ್ಲಿ ಬೊಬ್ಬೆ ಎದ್ದು ಒಡೆದು, ಮುಂದೆ ಮಗ್ಗಕ್ಕೆ ಕೂತಾಗ ರೇಷ್ಮೆ ಎಳೆ ಒರಟು ಚರ್ಮಕ್ಕೆ ಸಿಕ್ಕಿಕೊಳ್ಳುತ್ತಿತ್ತು. "ಈ ಕೈ ಇನ್ನ ರೇಷ್ಮಿಗೆ ಬರೂದಿಲ್ಲೋ ತಮ್ಮಾ" ಎಂದು ಅವ್ವ ಅಂದದ್ದು ನನ್ನ ಕಿವಿಯಲ್ಲಿದೆ. ಆ ಖಡಿಯ ಮೇಲೆ ಮುಂದೆ ಡಾಂಬರು ಬಿತ್ತು, ಡಾಂಬರಿನ ಮೇಲೆ ಮತ್ತೆ ಡಾಂಬರು. ದೂರದಿಂದ ಬಂದ ಸವಾರರು ದಾರಿ ನುಣ್ಣಗಿದೆ ಎಂದು ಹೊಗಳಿದಾಗ ಈ ಕೆಳಗಿನ ಪದರದ ಸುದ್ದಿಯನ್ನು ನಾನು ಹೇಳದೆ ಬಿಡುವುದಿಲ್ಲ.

ಸೈಕಲ್ ನಮ್ಮಲ್ಲಿಗೆ ಬಂದದ್ದು ತಡವಾಗಿ. ಇಂಗ್ಲೆಂಡಿನಲ್ಲಿ ಸ್ಟಾರ್ಲಿಯವರ ಸಮಗಾಲಿಯ ಸೈಕಲ್ 1885ರಲ್ಲಿ, ಐರ್ಲೆಂಡಿನಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟೈರು 1888ರಲ್ಲಿ. ಬಹಳ ವರ್ಷ ಅದು ಸಾಹೇಬರ, ಶ್ರೀಮಂತರ ವಾಹನವಾಗಿಯೇ ಇತ್ತು. ನಮ್ಮಂಥವರ ಕೈಗೆ ಸಿಕ್ಕಿದ್ದು ದೇಶದಲ್ಲೇ ಕಾರ್ಖಾನೆಗಳು ಎದ್ದ ಮೇಲೆ: ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ನಮ್ಮಪ್ಪನದು ಮದ್ರಾಸಿನ ಹರ್ಕ್ಯುಲಿಸ್, ಯಾರೋ ಹೊಡೆದು ಬಿಟ್ಟದ್ದನ್ನು ಕೊಂಡದ್ದು. ಇಪ್ಪತ್ನಾಲ್ಕು ಇಂಚಿನ ಎತ್ತರದ ಕರಿ ಸೈಕಲ್. ಸೀಟಿನ ಮೇಲೆ ಕೂತರೆ ನಮ್ಮ ಕಾಲು ಎಟುಕದ್ದಕ್ಕೆ ನಾವು ಮಕ್ಕಳೆಲ್ಲ ಒಳಗಾಲು ಹಾಕಿಯೇ ಕಲಿತೆವು.

ಅಪ್ಪ ಇಳಕಲ್ಲಿನ ಸಾವಕಾರರಿಗೆ ಸೀರೆ ನೇಯುತ್ತಿದ್ದ. ನೂಲು ಅವರದು, ಕೈಕೆಲಸ ನಮ್ಮದು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಆಮೇಲೆ ಬಿಳಿ ರೇಷ್ಮೆಯಲ್ಲಿ ಟೋಪ್‌ತೆನಿಯ ಚಿತ್ತಾರ ಮೂಡಬೇಕು. ಇಷ್ಟೆಲ್ಲ ಆಗಿ ಮಗ್ಗದಿಂದ ಕತ್ತರಿಸಿದ ಸೀರೆಯನ್ನು ಸಾವಕಾರರಿಗೆ ಮುಟ್ಟಿಸುವುದು ಸೈಕಲ್ ಕೆಲಸ. ಅಪ್ಪ ಗಂಟು ಕಟ್ಟುವುದನ್ನು ನೋಡುವುದೇ ನನಗೊಂದು ಪಾಠ. ಮಡಿಚಿದ ಸೀರೆಗಳನ್ನು ಮೊದಲು ಒಗೆದ ಧೋತರದಲ್ಲಿ ಸುತ್ತುವುದು, ಅದರ ಮೇಲೆ ಕಂಬಳಿ. ಕ್ಯಾರಿಯರಿನ ಕಬ್ಬಿಣ ನೇರ ತಾಗಿದರೆ ತುಕ್ಕು ಅಂಟುತ್ತದೆ, ಅದಕ್ಕೆ ಕೆಳಗೊಂದು ಗೋಣಿಚೀಲದ ಮಡಿಕೆ. ಹಗ್ಗ ಬಿಗಿದರೆ ಮಡಿಕೆಯಲ್ಲಿ ಗೆರೆ ಬೀಳುತ್ತದೆಂದು ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿ. ಆ ಪಟ್ಟಿ ಕುಣಿಯಲ್ಲಿ ಎದ್ದರೂ ಎಳೆದು ಹಿಡಿಯುತ್ತದೆ, ಸೀರೆಯನ್ನು ಹಿಂಡುವುದಿಲ್ಲ. ಬರುವಾಗ ಅದೇ ಕ್ಯಾರಿಯರ್ ಮೇಲೆ ಬಣ್ಣ ಹಾಕಿದ ನೂಲಿನ ಲಡಿ, ಹ್ಯಾಂಡಲ್ಲಿಗೆ ಸಂತೆಯ ಚೀಲ. ಗುಡೂರು, ಸೂಳೇಭಾವಿ, ಕಮತಗಿ, ಗುಳೇದಗುಡ್ಡ, ಇಳಕಲ್ಲು: ಈ ನೇಕಾರ ಊರುಗಳ ನಡುವೆ ನೂಲು, ಸೀರೆ, ಖಣ ಹೀಗೆ ಕ್ಯಾರಿಯರ್ ಮೇಲೆ ಎಷ್ಟು ಓಡಾಡಿದೆಯೆಂದು ಯಾವ ದಫ್ತರದಲ್ಲೂ ಬರೆದಿಟ್ಟಿಲ್ಲ. ಈ ರಸ್ತೆಗಳನ್ನು ಸೈಕಲ್ ರಸ್ತೆ ಮಾಡಿದವರು ಆ ನೇಕಾರರು.

ಸೈಕಲ್ ಹೊಡೆಯುವವನಿಗೆ ಇಲ್ಲಿ ಗುಡ್ಡಕ್ಕಿಂತ ಗಾಳಿಯ ಲೆಕ್ಕ ಮುಖ್ಯ. ಆಷಾಢದಲ್ಲಿ ಪಡುವಲ ಗಾಳಿ. ಹೊಳೆಯ ಕಣಿವೆಯಲ್ಲಿ ಅದು ಗುಡ್ಡಗಳ ಸಂದಿನಿಂದ ನುಗ್ಗಿಬರುತ್ತದೆ, ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ. ಗುಡೂರಿನಿಂದ ಪಟ್ಟದಕಲ್ಲಿಗೆ ಹೋಗುವುದು ಕಷ್ಟ, ಬರುವುದು ಸುಖ. ಹಿಂಗಾರಿಯಲ್ಲಿ ಮೂಡಲ ಗಾಳಿ ತಿರುಗಿತೆಂದರೆ ಇಡೀ ಲೆಕ್ಕ ತಿರುವುಮುರುವು. ನಾನು ಹುಡುಗನಿದ್ದಾಗ ಗಾಳಿಗೆ ಎದುರಾಗಿ ಹಲ್ಲು ಕಚ್ಚಿ ತುಳಿಯುತ್ತಿದ್ದರೆ ಅಪ್ಪ ಹಿಂದಿನಿಂದ ಕೂಗಿ ಹೇಳುತ್ತಿದ್ದ: "ತಮ್ಮಾ, ಗಾಳಿ ಕೂಡ ಜಿದ್ದು ಮಾಡಬ್ಯಾಡ. ಏರು ಬಂತು ಅಂದ್ರ ಇಳದು ನೂಕು. ಮುಂದ ಇನ್ನೂ ದಾರಿ ಐತಿ."

ಈ ಗಾಳಿಯ ಲೆಕ್ಕಕ್ಕೂ ಬನಶಂಕರಿ ಜಾತ್ರೆಗೂ ನಂಟಿದೆ. ಬನದ ಹುಣ್ಣಿಮೆ ಬರುವುದು ಪುಷ್ಯದಲ್ಲಿ, ಮೂಡಲ ಗಾಳಿಯ ದಿನಗಳಲ್ಲಿ. ಬಾದಾಮಿಯಾಚೆಯ ಬನಶಂಕರಿ ನಮ್ಮ ನೇಕಾರರಲ್ಲಿ ಬಹಳ ಮನೆಗಳ ದೇವರು. ಹಿರಿಯರು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು, ಹರೆಯದವರು ಸೈಕಲ್ ಮೇಲೆ. ಗಾಳಿ ಬೆನ್ನಿಗೆ, ಜೋಳದ ಹೊಲಗಳು ತೆನೆಗಟ್ಟಿ ನಿಂತ ಕಾಲ, ಪಟ್ಟದಕಲ್ಲಿನ ಹೊಳೆಯಲ್ಲಿ ನೀರು ಇಳಿದಿರುತ್ತದೆ. ಆ ಜಾತ್ರೆ ಹುಣ್ಣಿಮೆಗೆ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಸಾಲಾಗಿ ಥಿಯೇಟರ್ ಹಾಕಿರುತ್ತವೆ, ಒಂದೇ ರಾತ್ರಿಗೆ ಒಂದರ ಮೇಲೊಂದು ಆಟ. ದೇವಿಗೆ ಕಾಯಿ ಒಡೆಸಿ, ಹರಿದ್ರಾತೀರ್ಥದ ಹೊಂಡದಲ್ಲಿ ಕಾಲು ತೊಳೆದು, ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಟ್ಟು ಚೀಟಿ ಕಿಸೆಗೆ ಹಾಕಿಕೊಂಡರೆ ಬೆಳಗಿನವರೆಗೆ ನಾಟಕ. ನಮ್ಮ ಓಣಿಯ ಹುಡುಗರಿಗೆ ನಟಿಯರ ಹೆಸರೂ ಹಾಡುಗಳೂ ಬಾಯಿಪಾಠ. ಮರುದಿನ ಗಾಳಿ ಮುಖಕ್ಕೆ ಬಡಿಯುತ್ತದೆ, ಕಣ್ಣಲ್ಲಿ ನಿದ್ದೆ, ಆದರೂ ದಾರಿಯುದ್ದಕ್ಕೂ ಸಂಭಾಷಣೆ ಒಪ್ಪಿಸುತ್ತ ಬರುತ್ತಿದ್ದರು. ಜಾಲಿಮುಳ್ಳು ಹೊಕ್ಕರೆ ಎಲ್ಲರೂ ಇಳಿದು ನಿಲ್ಲುವುದು, ಹೊಲದ ಬಾವಿಯ ನೀರಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎದ್ದಲ್ಲಿ ಬೆರಳಿಡುವುದು, ಪಾಲಿಶ್ ಕಾಗದ ಉಜ್ಜಿ ಸೊಲ್ಯೂಷನ್ ಹಚ್ಚುವುದು. ಒಬ್ಬನ ಪಂಕ್ಚರಿಗೆ ಇಡೀ ಗುಂಪು ಕಾಯುವುದು ಆಗ ರೂಢಿ.

ಜಾತ್ರೆ ಎಂದಮೇಲೆ ಸೈಕಲ್ ಶರ್ಯತ್ತನ್ನೂ ಹೇಳಬೇಕು. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಊರ ಜಾತ್ರೆಗೆ ಕುಸ್ತಿ, ತೆರಬಂಡಿಯ ಜೊತೆ ಸೈಕಲ್ ಶರ್ಯತ್ತೂ ಇರುತ್ತದೆ. ಹಾಲು ಹಾಕುವ, ಪೇಪರ್ ಹಂಚುವ ಹುಡುಗರು ಆ ಶರ್ಯತ್ತಿನಲ್ಲಿ ಗೆದ್ದು ಮುಂದೆ ಕ್ರೀಡಾ ವಸತಿ ನಿಲಯ ಸೇರುತ್ತಾರೆ. ರಾಜ್ಯದ ಸೈಕ್ಲಿಂಗ್ ತಂಡದಲ್ಲಿ ವಿಜಯಪುರ, ಬಾಗಲಕೋಟೆ, ಗದಗಿನ ಹೆಸರುಗಳೇ ತುಂಬಿರುವುದಕ್ಕೆ ಬೇರು ಈ ಜಾತ್ರೆಗಳಲ್ಲಿದೆ. ಇದಕ್ಕಿಂತ ದೊಡ್ಡ ಬದಲಾವಣೆ ನಾನು ನೋಡಿದ್ದು 2006–07ರಲ್ಲಿ. ಸರ್ಕಾರ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಿತು, ಮರುವರ್ಷ ಗಂಡುಮಕ್ಕಳಿಗೂ ಬಂತು. ಏಳನೇ ತರಗತಿಗೆ ಶಾಲೆ ಬಿಡುತ್ತಿದ್ದ ಹುಡುಗಿಯರು ಸಾಲಾಗಿ ಸೈಕಲ್ ಹೊಡೆದುಕೊಂಡು ಹೈಸ್ಕೂಲಿಗೆ ಬರತೊಡಗಿದರು. ನಮ್ಮಪ್ಪನ ಪೀಳಿಗೆಯಲ್ಲಿ ಈ ದಾರಿಯ ಮೇಲೆ ಹೆಣ್ಣುಮಗಳು ಸೈಕಲ್ ಹೊಡೆದದ್ದನ್ನು ಯಾರೂ ಕಂಡಿರಲಿಲ್ಲ. ಕೋವಿಡ್ ಬಂದಮೇಲೆ ಆ ಯೋಜನೆ ನಿಂತಿತು. ಅದು ನಿಂತದ್ದು ನನಗೆ ಇಂದಿಗೂ ಸಂಕಟ.

ಈ ಸೀಮೆ ರಕ್ಷಿತ ಸೀಮೆ ಎಂದು ಎಲ್ಲರೂ ಹೇಳುತ್ತಾರೆ. ಯಾವುದು ರಕ್ಷಿತ ಎಂದು ಬಿಡಿಸಿ ನೋಡಬೇಕು. ಇಂಗ್ಲೆಂಡಿನಲ್ಲಿ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂದಾಗ ಅದು ಗುಡ್ಡ, ಹೊಲ, ಬೇಲಿ, ದಾರಿ ಎಲ್ಲವನ್ನೂ ಕೂಡಿಸಿ ನಾಡಿನ ಚೆಲುವೆಂದು ಕಾಪಾಡಿತು. ಅಲ್ಲಿಯ ಸಣ್ಣ ದಾರಿಗಳಲ್ಲಿ ಸೈಕಲ್ಲಿನವರಿಗೆ ನೆಮ್ಮದಿ ಸಿಗುವುದಕ್ಕೆ ಅದೂ ಒಂದು ಕಾರಣ. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಾಪಾಡುವುದು ಸ್ಮಾರಕವನ್ನು. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ ನೂರು ಮೀಟರ್ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂರು ಮೀಟರ್ ಅನುಮತಿ ಬೇಕು. ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಐಹೊಳೆ, ಪಟ್ಟದಕಲ್ಲಿನ ಜನ ಇದಕ್ಕೆ ಕೊಟ್ಟ ಬೆಲೆ ಸಣ್ಣದಲ್ಲ. ಮನೆಯ ಗೋಡೆ ಬಿದ್ದರೆ ಎತ್ತಿಸಲೂ ಅರ್ಜಿ ಹಿಡಿದು ತಿರುಗಬೇಕು. ಇಷ್ಟಾಗಿಯೂ ಒಂದು ಗುಡಿಯ ಮುನ್ನೂರು ಮೀಟರಿಗೂ ಮುಂದಿನ ಗುಡಿಯ ಮುನ್ನೂರು ಮೀಟರಿಗೂ ನಡುವಿನ ದಾರಿ ಯಾರ ರಕ್ಷಣೆಯಲ್ಲೂ ಇಲ್ಲ. ಕಲ್ಲು ಬಂದ ಗಣಿಯ ಹಾದಿ, ಹೊಳೆಯ ದಂಡೆಯ ಜಾಡು, ಬೇವು–ಹುಣಸೆಯ ಸಾಲುಮರ, ಅವ್ವನಂಥವರು ಖಡಿ ಹಾಸಿದ ರಸ್ತೆ, ಇವೆಲ್ಲ ಉಳಿದಿರುವುದು ಹೆದ್ದಾರಿ ಬೇರೆ ಕಡೆ ಹೋದ ಕಾರಣಕ್ಕೆ ಮಾತ್ರ. ನಾಳೆ ಬಸ್ಸಿನವರಿಗೆ ಬೇಗ ಹೋಗಬೇಕು ಎನಿಸಿದರೆ ಅಗಲ ಮಾಡಲು ಮರ ಕಡಿಯಬಹುದು. ಗುಡಿಗೆ ಬಂದ ಕಲ್ಲಿನ ಹಾದಿಯನ್ನು ಗುಡಿಯ ಜೊತೆಗೇ ಎಣಿಸಬೇಕೆಂಬುದು ನನ್ನ ವಾದ. ಊರಿನ ಸಭೆಗಳಲ್ಲೂ ಇದನ್ನೇ ಹೇಳುತ್ತೇನೆ. ಹಾಗೆ ಎಣಿಸುವುದಾದರೆ ಮನೆ ಕಟ್ಟಲು ಬಿಡದ ಇನ್ನೊಂದು ನಿಷೇಧ ಬೇಕಿಲ್ಲ. ಸಾಲುಮರ ಕಡಿಯಬಾರದು, ರಸ್ತೆ ಈಗಿರುವಷ್ಟೇ ಅಗಲ ಇರಬೇಕು, ಭಾರದ ಲಾರಿಗಳು ಹುನಗುಂದ–ಅಮೀನಗಡದ ಮೇಲೆಯೇ ಹೋಗಬೇಕು, ಇಷ್ಟಾದರೆ ಸಾಕು.

ಸೈಕಲ್ ಮೇಲೆ ಬರುವವರಿಗೆ ನಾನು ಹೇಳುವುದು ಇಷ್ಟು. ಕಾರ್ತಿಕದಿಂದ ಮಾಘದವರೆಗೆ ಬನ್ನಿ, ಚೈತ್ರದ ಬಿಸಿಲಿಗೆ ಈ ಕೆಂಪುಕಲ್ಲು ಕಾದು ರಾತ್ರಿಯವರೆಗೂ ಆರುವುದಿಲ್ಲ. ಗುಡೂರಿನಲ್ಲಿ ನಸುಕಿಗೆ ಹೊರಟು ಮೊದಲು ಐಹೊಳೆ ನೋಡಿ, ಮೇಗುತಿ ಗುಡ್ಡ ಏರಿ. ಅಲ್ಲಿಂದ ಸಿದ್ಧನಕೊಳ್ಳಕ್ಕೆ ತಿರುಗಿದರೆ ಬಂಡೆಯ ನೆರಳಿದೆ, ಬಂದವರಿಗೆ ದಾಸೋಹವಿದೆ. ಐಹೊಳೆಯಿಂದ ಪಟ್ಟದಕಲ್ಲಿಗೆ ಹದಿಮೂರು ಕಿಲೋಮೀಟರ್, ಪಟ್ಟದಕಲ್ಲಿನಿಂದ ಬಾದಾಮಿಗೆ ಇಪ್ಪತ್ತೆರಡು. ನಡುವೆ ಮಹಾಕೂಟದ ಹೊಂಡ ತಪ್ಪಿಸಬೇಡಿ. ಕುರಿಹಿಂಡು ಎದುರಾದರೆ ಇಳಿದು ನಿಲ್ಲಿ, ಬೆಲ್ಲು ಹೊಡೆದರೆ ಮರಿಗಳು ಚೆದುರುತ್ತವೆ, ಕಾಯುವ ನಾಯಿಗೂ ಸಿಟ್ಟು ಬರುತ್ತದೆ. ಪಂಕ್ಚರಿನ ಸಾಮಾನು ಕೈಯಲ್ಲೇ ಇರಲಿ. ಮಳೆಗಾಲದಲ್ಲೇ ಬರುವ ಹಟವಿದ್ದರೆ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೋ ಇಲ್ಲವೋ ಕೇಳಿ ಹೊರಡಿ. ಗುಡೂರು ಹೊಳೆಯ ಈ ದಂಡೆಗೆ, ಬಾದಾಮಿ ಆ ದಂಡೆಗೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಹೊಕ್ಕಿತ್ತು, ಚೊಳಚಗುಡ್ಡದ ಸೇತುವೆಯೂ ಮುಳುಗಿತ್ತು. ಹೊಳೆ ತುಂಬಿದಾಗ ದಾಟುವ ಸಾಹಸ ಬೇಡ. ಊರಲ್ಲೇ ಎರಡು ದಿನ ನಿಲ್ಲಿ, ಮಗ್ಗದ ಮನೆಗಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.